ಜ್ವರ ಹೋಯಿತು, ಮೈಕೈ ನೋವು ಯಾಕೆ ಹೋಗಲಿಲ್ಲ?

ಮೈಕೈ ನೋವು ಅನ್ನೋದು ನಮ್ಮ ಕಡೆ ಒಂದು ಕಾಯಿಲೆಯ ಹೆಸರಲ್ಲ. ಅದೊಂದು ದೊಡ್ಡ ಗೋಣಿಚೀಲ. ಚೆಂಡುಹೂವು ಬಿಡಿಸಿ ಬಿಡಿಸಿ ಹಿಡಿದುಕೊಂಡ ಸೊಂಟ, ಅರಿಶಿನ ಕಿತ್ತ ವಾರದ ಭುಜದ ಸೆಳೆತ, ನಂಜನಗೂಡಿನ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ನಿಂತ ಕಾಲು, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರ್ಕ್ ಫ್ರಮ್ ಹೋಮ್ ಮಾಡಿದವರ ಕತ್ತು, ಎಲ್ಲಾ ಅದರೊಳಗೇ ಹೋಗುತ್ತೆ. ಕೊರೊನಾ ಬಂದು ಹೋದ ಮೇಲೆ ಆ ಚೀಲಕ್ಕೆ ಇನ್ನೊಂದಷ್ಟು ಬಿತ್ತು. ಬಾಯಿ ಕಟ್ಟಿ ಮೂಲೆಗಿಟ್ಟೆವು.

ಬೇಗೂರು ಅಂದ ತಕ್ಷಣ ಬೆಂಗಳೂರಿನ ಬೊಮ್ಮನಹಳ್ಳಿ ಪಕ್ಕದ ಬೇಗೂರಿಗೆ ಕ್ಯಾಬ್ ಬುಕ್ ಮಾಡಬೇಡಿ. ನಾನು ಹೇಳ್ತಿರೋದು ಮೈಸೂರಿನಿಂದ ಊಟಿಗೆ ಹೋಗುವಾಗ ನಂಜನಗೂಡು ದಾಟಿ, ಗುಂಡ್ಲುಪೇಟೆ ಬರುವ ಮುಂಚೆ ಸಿಗುವ ಬೇಗೂರು. ನೀವು ಬಂಡೀಪುರಕ್ಕೆ ಹೋಗುವಾಗ ಕಾರಿನ ಕಿಟಕಿಯಿಂದ ಸೂರ್ಯಕಾಂತಿ ಹೊಲದ ಫೋಟೊ ತೆಗೆದಿದ್ದರೆ, ನಮ್ಮೂರಿನ ಆಸುಪಾಸಿನಲ್ಲೇ ಎಲ್ಲೋ ತೆಗೆದಿರುತ್ತೀರಿ.

2020ರ ಮಾರ್ಚ್ ಕೊನೆಯಲ್ಲಿ ಇದೇ ಹೆದ್ದಾರಿಯ ಮೇಲಿನ ನಂಜನಗೂಡಿನಲ್ಲಿ ಔಷಧ ಕಾರ್ಖಾನೆಯ ನೌಕರರಿಗೆ ಸಾಲುಸಾಲಾಗಿ ಸೋಂಕು ಕಾಣಿಸಿಕೊಂಡಿತು. ರಾಜ್ಯದ ಕಣ್ಣೆಲ್ಲ ಅಲ್ಲಿ ನೆಟ್ಟಿತ್ತು. ಪಕ್ಕದ ಚಾಮರಾಜನಗರ ಜಿಲ್ಲೆ ಮಾತ್ರ, ಆ ಕಡೆ ಕೇರಳ, ಈ ಕಡೆ ತಮಿಳುನಾಡು ಇಟ್ಟುಕೊಂಡೂ, ಜೂನ್ ತಿಂಗಳವರೆಗೆ ಒಂದೂ ಪ್ರಕರಣ ಇಲ್ಲದೆ ಹಸಿರು ವಲಯವಾಗಿ ಉಳಿಯಿತು. ‘ನಮ್ ಜಿಲ್ಲೆಗೆ ಬರಲ್ಲ ಬುಡು’ ಅಂತ ಎದೆಯುಬ್ಬಿಸಿಕೊಂಡು ಓಡಾಡಿದವರಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ, 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ, ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಆಮ್ಲಜನಕದ ಕೊರತೆಯ ಆ ರಾತ್ರಿಯ ಬಗ್ಗೆ ಹೈಕೋರ್ಟ್ ಸಮಿತಿ ನೇಮಿಸಿ ತನಿಖೆ ನಡೆಸಿತು.

ಇದನ್ನು ಈಗ ಯಾಕೆ ನೆನಪಿಸುತ್ತಿದ್ದೇನೆ ಅಂದರೆ, ಆ ದಿನಗಳಲ್ಲಿ ನಮಗೆ ಎಣಿಸಲು ಇದ್ದದ್ದು ಎರಡೇ: ಆಕ್ಸಿಮೀಟರ್‌ನ ಅಂಕಿ ಮತ್ತು ಸತ್ತವರ ಸಂಖ್ಯೆ. 95ರ ಮೇಲಿದ್ದರೆ ಮನೆಗೆ ಹೋಗು. ಹಾಗೆ ಮನೆಗೆ ಬಂದವರ ಕಾಲಿನ ಸೋಲು, ತಲೆಯ ಮಂಕು, ರಾತ್ರಿಯ ಜೋಮು ಯಾವ ಪಟ್ಟಿಯಲ್ಲೂ ಬರಲಿಲ್ಲ. ಬದುಕಿ ಬಂದದ್ದೇ ದೊಡ್ಡದು, ಇನ್ನು ಕಾಲು ನೋವಂತೆ! ಹಾಗಂತ ಬಾಯಿಬಿಟ್ಟು ಹೇಳಲು ಅವರಿಗೇ ನಾಚಿಕೆ.

ಕೊರೊನಾ ಶ್ವಾಸಕೋಶದ ಕಾಯಿಲೆ ಅಂತ ನಾವು ಕಲಿತಿದ್ದೇವೆ. ನಿಜ, ಆದರೆ ಪೂರ್ತಿ ನಿಜವಲ್ಲ. 2020ರ ಫೆಬ್ರವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ಜಂಟಿ ತಂಡ ಐವತ್ತೈದು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ನೋಡಿದಾಗ ಸುಸ್ತು ಶೇ. 38.1, ಸ್ನಾಯು ಅಥವಾ ಕೀಲು ನೋವು ಶೇ. 14.8, ತಲೆನೋವು ಶೇ. 13.6 ಜನರಲ್ಲಿ ಇತ್ತು. ಅದೇ ಏಪ್ರಿಲ್‌ನಲ್ಲಿ ವುಹಾನ್‌ನ ವೈದ್ಯರು ಆಸ್ಪತ್ರೆಗೆ ಸೇರಿದ್ದ 214 ಮಂದಿಯ ವರದಿ ಪ್ರಕಟಿಸಿದರು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನಕ್ಕೆ, ಶೇ. 36.4ರಷ್ಟು ಮಂದಿಗೆ, ನರಮಂಡಲಕ್ಕೆ ಸಂಬಂಧಿಸಿದ ಏನಾದರೊಂದು ತೊಂದರೆ ಇತ್ತು: ತಲೆಸುತ್ತು, ತಲೆನೋವು, ರುಚಿ-ವಾಸನೆ ಹೋಗೋದು, ಸ್ನಾಯುವಿಗೆ ಪೆಟ್ಟು. ಆಸ್ಪತ್ರೆ ಸೇರಿದವರ ಲೆಕ್ಕ ಅದು, ಮನೆಯಲ್ಲೇ ವಾಸಿಯಾದವರಿಗೆ ಹಾಗೇ ಅನ್ವಯಿಸಬಾರದು. ಆದರೂ ಮಾತು ಸ್ಪಷ್ಟ: ಮೈಕೈ ನೋವು ಈ ಕಾಯಿಲೆಯ ಬಾಲಂಗೋಚಿಯಲ್ಲ, ಅದರದ್ದೇ ಭಾಗ.

ಚೀಲ ಬಿಚ್ಚಿ ನೋಡೋಣ

ಕನ್ನಡದಲ್ಲಿ ನೋವಿಗೆ ಎಷ್ಟು ಹೆಸರಿದೆ ನೋಡಿ. ಸೆಳೆತ, ಚಳುಕು, ಜೋಮು, ಉರಿ, ಹಿಡಿತ, ಸೋಲು, ಉಳುಕು. ನಮ್ಮ ಅಜ್ಜಿಯರು ಇವನ್ನು ಬೆರೆಸಿ ಮಾತಾಡುತ್ತಿರಲಿಲ್ಲ. ನಾವು ಮಾತ್ರ ಡಾಕ್ಟರ ಮುಂದೆ ಕೂತು ‘ಬಾಡಿ ಪೇನ್’ ಅಂದುಬಿಡುತ್ತೇವೆ. ವೈದ್ಯರಿಗೆ ಬೇಕಾದ ಅರ್ಧ ಸುಳಿವು ಅಲ್ಲೇ ಕಳೆದುಹೋಗುತ್ತೆ.

ಜ್ವರದ ದಿನಗಳ ನೋವು ಬೇರೆ. ವೈರಾಣು ಸೇರಿದೆ ಅಂತ ಗೊತ್ತಾದ ಕೂಡಲೇ ರೋಗನಿರೋಧಕ ಕಣಗಳು ಸೈಟೊಕೈನ್ ಅನ್ನುವ ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಜ್ವರ ಏರಿಸುವುದೂ ಅವೇ, ಸ್ನಾಯು ನೋಯಿಸುವುದೂ ಅವೇ. ಫ್ಲೂನಲ್ಲೂ ಹೀಗೇ. ಇದು ಸಾಮಾನ್ಯವಾಗಿ ವಾರದಲ್ಲಿ ಇಳಿಯುತ್ತೆ. ಪ್ಯಾರಸಿಟಮಾಲ್, ನೀರು, ನಿದ್ದೆ ಸಾಕು. ಅಪರೂಪಕ್ಕೆ ಸ್ನಾಯುವೇ ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುವುದುಂಟು. ಆಗ ವಿಪರೀತ ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಅಂಥ ಬಣ್ಣ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ವಾಸನೆ ಹೋಗೋದು ಇನ್ನೊಂದು ಕಥೆ. ವೈರಾಣು ವಾಸನೆಯ ನರವನ್ನೇ ತಿಂದುಹಾಕುತ್ತೆ ಅಂತ ಮೊದಲು ಭಯ ಇತ್ತು. ಆಮೇಲೆ ಗೊತ್ತಾದದ್ದು, ಅದು ಮುಖ್ಯವಾಗಿ ಹಿಡಿಯುವುದು ನರಕೋಶವನ್ನಲ್ಲ, ಪಕ್ಕದಲ್ಲಿ ನಿಂತು ಅದನ್ನು ಪೋಷಿಸುವ ಆಸರೆ ಕೋಶಗಳನ್ನು. ಅದಕ್ಕೇ ಹೆಚ್ಚಿನವರಿಗೆ ಕೆಲವು ವಾರದಲ್ಲಿ ವಾಸನೆ ವಾಪಸ್ ಬಂತು. ಕೆಲವರಿಗೆ ತಿರುಚಿಕೊಂಡು ಬಂತು: ಒಗ್ಗರಣೆ ಹಾಕಿದರೆ ಚರಂಡಿ ವಾಸನೆ, ಕಾಫಿ ಅಂದರೆ ಸುಟ್ಟ ರಬ್ಬರ್. ಅಡುಗೆ ಮಾಡುವವರಿಗೆ ಇದು ಎಂಥ ಹಿಂಸೆ ಅಂತ ಊಟ ಮಾಡುವವರಿಗೆ ತಿಳಿಯಲಿಲ್ಲ. ಇದಕ್ಕೆ ಒಂದು ಸುಲಭ ಅಭ್ಯಾಸ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆಯನ್ನು ದಿನಕ್ಕೆ ಎರಡು ಸಲ, ಒಂದೊಂದನ್ನು ಇಪ್ಪತ್ತು ಸೆಕೆಂಡಿನಷ್ಟು, ನೆನಪಿಸಿಕೊಂಡು ಮೂಸೋದು, ಕನಿಷ್ಠ ಮೂರು ತಿಂಗಳು. ಜರ್ಮನಿಯ ವೈದ್ಯರು ಕೊರೊನಾಕ್ಕೂ ಹತ್ತು ವರ್ಷ ಮೊದಲೇ ಪರೀಕ್ಷಿಸಿದ ವಿಧಾನ ಇದು. ನೀಲಗಿರಿ ಎಣ್ಣೆಗೆ ನಾವು ದೂರ ಹೋಗಬೇಕಾಗಿಲ್ಲ, ನಮ್ಮ ರಸ್ತೆ ಮುಗಿಯುವುದೇ ಅದು ಮಾರುವ ಊರಲ್ಲಿ.

ಇನ್ನು ಮಂಕು. ಇಂಗ್ಲಿಷ್‌ನವರು ‘ಬ್ರೈನ್ ಫಾಗ್’ ಅಂತ ಹೊಸದಾಗಿ ಹೆಸರಿಟ್ಟು ಓಡಾಡುತ್ತಿರುವುದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ‘ತಲೆಗೆ ಮಂಕು ಕವಿದಂಗದ’ ಅನ್ನೋ ಮಾತಿದೆ. ಮೀಟಿಂಗ್ ಮಧ್ಯದಲ್ಲಿ ಪದ ಸಿಗಲ್ಲ, ಓದಿದ ಮೇಲ್ ಮತ್ತೆ ಓದಬೇಕು, ಅಂಗಡಿಗೆ ಹೋಗಿ ಏನು ತರಲು ಬಂದೆ ಅಂತ ನಿಲ್ಲಬೇಕು. ಇದಕ್ಕೆ ಒಂದೇ ಕಾರಣ ಇಲ್ಲ. ಉರಿಯೂತ, ಕೆಟ್ಟ ನಿದ್ದೆ, ನಿಂತಾಗ ಮೆದುಳಿಗೆ ರಕ್ತ ಸರಿಯಾಗಿ ಹೋಗದಿರುವುದು, ಆತಂಕ ಎಲ್ಲವೂ ಸೇರಿಕೊಂಡಿರುತ್ತವೆ. ‘ಕೊರೊನಾ ಬಂದರೆ ಮೆದುಳು ಕುಗ್ಗುತ್ತೆ’ ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಹಿಂದೆ ಇರುವುದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ: 785 ಮಂದಿಗೆ ಎರಡು ಸಲ ಸ್ಕ್ಯಾನ್ ಮಾಡಿದ್ದರು, ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎರಡು ಸ್ಕ್ಯಾನ್‌ಗಳ ನಡುವೆ ಸೋಂಕು ತಗುಲಿತ್ತು. ವಾಸನೆಗೆ ಸಂಬಂಧಿಸಿದ ಭಾಗಗಳಲ್ಲಿ ಬದಲಾವಣೆ ಕಂಡದ್ದು ನಿಜ. ಆದರೆ ಅವರೆಲ್ಲ 51ರಿಂದ 81 ವರ್ಷದವರು, ಸರಾಸರಿ ವ್ಯತ್ಯಾಸ ಶೇ. 0.2ರಿಂದ 2ರಷ್ಟು. ಇಪ್ಪತ್ತೆಂಟರ ಹುಡುಗ ಅದನ್ನು ಓದಿ ನಿದ್ದೆಗೆಡಬೇಕಾಗಿಲ್ಲ.

ಎದ್ದು ನಿಂತರೆ ಎದೆ ಡವಡವ, ಕಣ್ಣು ಕತ್ತಲೆ? ಇದನ್ನು ಮನೆಯಲ್ಲೇ ನೋಡಬಹುದು. ಹತ್ತು ನಿಮಿಷ ಮಲಗಿ ನಾಡಿ ಎಣಿಸಿ, ಆಮೇಲೆ ನಿಂತು ಹತ್ತು ನಿಮಿಷದೊಳಗೆ ಆಗಾಗ ಎಣಿಸಿ. ಬೀಳೋ ಹಾಗಾದರೆ ಕೂತುಬಿಡಿ, ಪಕ್ಕದಲ್ಲಿ ಒಬ್ಬರಿರಲಿ. ದೊಡ್ಡವರಲ್ಲಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಹಾಗೇ ನಿಂತರೆ, ನಾಡಿ-ರಕ್ತದೊತ್ತಡ ನಿಭಾಯಿಸುವ ಸ್ವಯಂಚಾಲಿತ ನರಗಳು ತಾಳ ತಪ್ಪಿರಬಹುದು. ರಕ್ತಹೀನತೆಯಲ್ಲೂ ಹೀಗಾಗುತ್ತೆ, ಅದಕ್ಕೆ ಅಂಕಿಗಳನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿ.

‘ಎದ್ದು ಓಡಾಡು, ಸರಿಯಾಯ್ತದ’

ನಮ್ಮೂರಲ್ಲಿ ಎಲ್ಲ ಸುಸ್ತಿಗೂ ಇರುವ ಔಷಧಿ ಇದೊಂದೇ. ‘ಸುಸ್ತು ಸುಸ್ತು ಅನ್ಕಂಡು ಮಲ್ಗಿದ್ರ ಮೈಗೆ ಗೆದ್ದಲು ಹಿಡಿತದ’ ಅಂತಾರೆ ಹಿರಿಯರು. ಈ ಮಾತು ಕೆಲವರಿಗೆ ನೂರಕ್ಕೆ ನೂರು ಸರಿ. ಕೆಲವರಿಗೆ ಅಪಾಯ. ಯಾರಿಗೆ ಯಾವುದು ಅಂತ ತಿಳಿಯುವುದೇ ಇಲ್ಲಿ ಮುಖ್ಯ ಸಂಗತಿ.

ಮೊದಲು ಸರಿಯಾಗುವವರನ್ನು ನೋಡೋಣ. ಹಾಸಿಗೆ ಹಿಡಿದರೆ ಸ್ನಾಯು ಕರಗುವ ವೇಗ ನಂಬಲಾಗದಷ್ಟು. 2007ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ ಹತ್ತು ದಿನ ಮಲಗಿಸಿದರು. ಕಾಲುಗಳಿಂದ ಸುಮಾರು ಒಂದು ಕಿಲೊ ಸ್ನಾಯು ಹೋಗಿತ್ತು. ಜ್ವರ ಇಲ್ಲ, ಏನಿಲ್ಲ, ಬರೀ ಮಲಗಿದ್ದಕ್ಕೆ! ಹಾಗಿದ್ದರೆ ಹದಿನೈದು ದಿನ ಆಕ್ಸಿಜನ್ ಮೇಲಿದ್ದು, ಊಟ ಸೇರದೆ, ಸ್ಟೀರಾಯ್ಡ್ ತೆಗೆದುಕೊಂಡು ಬಂದವರ ತೊಡೆ ಏನಾಗಿರಬೇಕು? ಇವರಿಗೆ ಬೇಕಾದ್ದು ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುವ ಚಟುವಟಿಕೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆ ಹಿಡಿದು ಹಿಮ್ಮಡಿ ಎತ್ತೋದು, ಜಗಲಿಯಿಂದ ಬೀದಿ ಕೊನೆವರೆಗೆ ನಡೆಯೋದು. ಜೊತೆಗೆ ಮೊಟ್ಟೆ, ಕಾಳು, ಹಾಲು. ಇವರ ಲಕ್ಷಣ: ಈ ವಾರ ಹೋದ ವಾರಕ್ಕಿಂತ ವಾಸಿ.

ಎರಡನೇ ಗುಂಪು ಹಾಗಲ್ಲ. ನಮ್ಮ ಚಿಕ್ಕವ್ವನಿಗೆ 2021ರ ಮೇನಲ್ಲಿ ಸೋಂಕು ಬಂದಿತ್ತು. ಮನೆಯಲ್ಲೇ ಇದ್ದರು, ಆಕ್ಸಿಜನ್ ಬೇಕಾಗಲಿಲ್ಲ, ‘ಮೈಲ್ಡ್’. ಎರಡು ತಿಂಗಳ ಮೇಲೆ ಚೆಂಡುಹೂವು ಬಿಡಿಸುವ ಕೂಲಿಗೆ ಹೋದರು. ಸೋಮವಾರ ಎಲ್ಲರ ಸಮಕ್ಕೆ ಚೀಲ ತುಂಬಿದರು. ಮಂಗಳವಾರ ಹೋದರು. ಬುಧವಾರ ಬೆಳಿಗ್ಗೆ ತಲೆ ಎತ್ತಲಾಗಲಿಲ್ಲ. ಗಂಟಲು ಕೆರೆತ, ತೊಡೆಯಲ್ಲಿ ಸೀಸ ತುಂಬಿದ ಹಾಗೆ, ಮಾತಾಡಿಸಿದರೆ ಅಳು. ಮೂರು ದಿನ ಹಾಗೇ. ಸರಿಹೋಗಿ ಮತ್ತೆ ಹೋದರು, ಮತ್ತೆ ಬಿದ್ದರು. ‘ಸೋಮ್ವಾರ ಚೆನ್ನಾಗಿದ್ದೋಳ್ಗೆ ಬುಧ್ವಾರ ಏನಾಯ್ತದ?’ ಅಂತ ಮನೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ‘ಸೋಂಬೇರಿತನ’ ಅಲ್ಲ.

ದುಡಿದ ದಿನ ಚೆನ್ನಾಗಿದ್ದು ಒಂದೆರಡು ದಿನ ಬಿಟ್ಟು ಕುಸಿಯೋದು ಈ ಕಾಯಿಲೆಯ ಗುರುತು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥ 25 ಮಂದಿ ಮತ್ತು ಆರೋಗ್ಯವಂತರಾದ 21 ಮಂದಿಯನ್ನು ಸೈಕಲ್ ತುಳಿಸಿ, ಮೊದಲು ಮತ್ತು ಮರುದಿನ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. 2024ರ ಜನವರಿಯಲ್ಲಿ ವರದಿ ಬಂತು. ರೋಗಿಗಳ ಸ್ನಾಯುಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕೆಲಸ ಕುಂಠಿತವಾಗಿತ್ತು, ಶ್ರಮದ ನಂತರ ಅಂಗಾಂಶದ ಹಾನಿ ಹೆಚ್ಚಾಗಿತ್ತು. ಸಣ್ಣ ಅಧ್ಯಯನ, ಒಪ್ಪೋಣ. ಆದರೆ ‘ಎಲ್ಲಾ ಮನಸ್ಸಿನ ಭ್ರಮೆ’ ಅನ್ನುವವರ ಮುಂದೆ ಇಡಲು ಒಂದು ಗಟ್ಟಿ ಸಾಕ್ಷಿ.

ಇಂಥವರಿಗೆ ‘ದಿನಾ ಹತ್ತು ನಿಮಿಷ ಜಾಸ್ತಿ ನಡಿ’ ಅನ್ನೋ ಸಲಹೆ ಉಲ್ಟಾ ಹೊಡೆಯುತ್ತೆ. ಇದೇ ರೀತಿಯ ಕುಸಿತ ಕಾಣುವ ಹಳೆಯ ಕಾಯಿಲೆಯೊಂದಕ್ಕೆ, ಅಂದರೆ ದೀರ್ಘಕಾಲದ ಆಯಾಸ ರೋಗಕ್ಕೆ, ಹಂತ ಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಕೊಡಬಾರದು ಅಂತ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2021ರಲ್ಲಿ ಬದಲಾಯಿತು. ಇವರ ದಾರಿ ಬೇರೆ: ಬಿಸಿಲೇರುವ ಮುಂಚೆ ಎರಡು ಗಂಟೆ ಕೆಲಸ, ಸುಸ್ತಾಗುವ ಮೊದಲೇ ಕೂತುಬಿಡೋದು, ಚೆನ್ನಾಗಿದೆ ಅನ್ನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಎಳೆದು ಹಾಕಿಕೊಳ್ಳದಿರೋದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಬಟ್ಟೆ ಒಗೆಯೋದು, ಮಕ್ಕಳಿಗೆ ಓದಿಸೋದು, ಒಂದು ಗಂಟೆ ಜೂಮ್ ಕಾಲ್, ಎಲ್ಲವೂ ಖರ್ಚೇ. ಸಂಬಳದ ಕೊನೇ ವಾರ ಹೇಗೆ ಎಣಿಸಿ ಎಣಿಸಿ ತೆಗೆಯುತ್ತೀವೋ ಹಾಗೆ.

ಕೂಲಿಯವರಿಗೆ ಇದನ್ನು ಹೇಳುವಾಗ ನನ್ನ ದನಿ ಸಣ್ಣದಾಗುತ್ತೆ. ‘ಸುಸ್ತಾಗೋಕೆ ಮುಂಚೆ ಕೂತ್ಕೊಳ್ಳಿ’ ಅಂದರೆ ಆಳಿನ ಲೆಕ್ಕದಲ್ಲಿ ಅರ್ಧ ದಿನ ಹೋಯಿತು ಅಂತ ಅರ್ಥ. ಚಿಕ್ಕವ್ವ ಕೊನೆಗೆ ಮಾಡಿಕೊಂಡ ದಾರಿ ಇದು: ಸಾಲಿನ ಲೆಕ್ಕದ ಹೂವು ಬಿಟ್ಟರು, ಮನೆ ನೆರಳಲ್ಲಿ ಕೂತು ಸಾಂಬಾರ್ ಈರುಳ್ಳಿ ಹಸನು ಮಾಡುವ ಕೆಲಸ ಹಿಡಿದರು. ದುಡ್ಡು ಕಮ್ಮಿ. ಆದರೆ ಕೂತು ಮಾಡುವಂಥದ್ದು, ನಡುವೆ ಒರಗಬಹುದು. ಒಂದೂವರೆ ವರ್ಷದ ಮೇಲೆ ಕುಸಿತಗಳ ನಡುವೆ ಅಂತರ ಹೆಚ್ಚಾಯಿತು.

ಚಕ್ಕಳಮಕ್ಕಳ ಕೂರಲು ಆಗುತ್ತಾ?

ಈ ಪ್ರಶ್ನೆಯನ್ನು ಬೇರೆ ಯಾವ ದೇಶದ ಕೈಪಿಡಿಯೂ ಕೇಳಲಿಕ್ಕಿಲ್ಲ, ನಮಗೆ ಮಾತ್ರ ಭಾರಿ ಉಪಯುಕ್ತ. ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಬಹಳ ಜೀವ ಉಳಿಸಿತು. ಆದರೆ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡಾಗ ತೊಡೆಮೂಳೆಯ ತುದಿಗೆ ರಕ್ತ ಹೋಗುವುದು ನಿಂತು ಮೂಳೆ ಒಳಗೇ ಸಾಯುವ ಅಪಾಯ ಇದೆ. 2021ರಲ್ಲಿ ಮುಂಬೈಯ ವೈದ್ಯರು ನಲವತ್ತರೊಳಗಿನ ಇಂಥ ಮೂವರ ಬಗ್ಗೆ ವರದಿ ಮಾಡಿದರು; ಅವರಿಗೆ ಕೊರೊನಾ ಆಗಿ ಸುಮಾರು ಎರಡೇ ತಿಂಗಳಿಗೆ ನೋವು ಶುರುವಾಗಿತ್ತು. ನೋವು ಇರೋದು ಸೊಂಟದ ಹಿಂದಲ್ಲ, ತೊಡೆಸಂದಿಯಲ್ಲಿ. ಕಾಲು ಮಡಚಿ ನೆಲದ ಮೇಲೆ ಕೂರಲಾಗಲ್ಲ, ಬೈಕ್ ಹತ್ತಲು ಕಾಲು ಎತ್ತಿದರೆ ಚಳುಕು. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಬರಬಹುದು, ಎಂಆರ್‌ಐಯಲ್ಲಿ ಸಿಗುತ್ತೆ. ಬೇಗ ಸಿಕ್ಕರೆ ಕೀಲು ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ಇಲ್ಲೇ ಒಂದು ಬೈಗುಳ ಹೇಳಿಬಿಡುತ್ತೇನೆ. ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬುಡಿ’ ಅನ್ನೋ ನಮ್ಮ ಚಾಳಿ. ನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಪೊಟ್ಟಣ ಕಟ್ಟಿಸಿಕೊಳ್ಳೋದು ಇನ್ನೂ ಕೆಟ್ಟದ್ದು. ಆ ಪೊಟ್ಟಣದ ಪುಟ್ಟ ಬಿಳಿ ಗುಳಿಗೆ ಸ್ಟೀರಾಯ್ಡ್ ಆಗಿದ್ದರೆ ನೋವು ಜಾದೂ ಥರ ಹೋಗುತ್ತೆ, ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ. ಹೆಸರು ಕೇಳಿ ತೆಗೆದುಕೊಳ್ಳಿ.

ಹಾಗಂತ ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟೋದೂ ಬೇಡ. ದೀರ್ಘ ಕೋವಿಡ್‌ಗೆ ಒಂದೇ ರಕ್ತಪರೀಕ್ಷೆ ಅಂತ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಸೋಂಕಿನಿಂದ ಸಾಮಾನ್ಯವಾಗಿ ಮೂರು ತಿಂಗಳಾದರೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾರಣ ಸಿಗದ ಲಕ್ಷಣ ಇದು. ‘ಬೇರೆ ಕಾರಣ ಸಿಗದ’ ಅನ್ನೋದನ್ನು ಗಮನಿಸಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ವಿಟಮಿನ್ ಬಿ12 ಮತ್ತು ಡಿ ಮೊದಲು ನೋಡಿಸಬೇಕು. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆಯಿಂದಲೇ ಪಾದ ಜೋಮು ಹಿಡಿದು, ಮರೆವು ಬಂದು, ಸುಸ್ತಾಗಿರುವವರು ಬೇಕಾದಷ್ಟು. ಅದು ಸುಲಭವಾಗಿ ವಾಸಿಯಾಗುವಂಥದ್ದು. ಕೀಲು ಊದಿದ್ದರೆ ಚಿಕೂನ್‌ಗುನ್ಯಾ ಮರೆಯಬೇಡಿ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಇದ್ದವು, ಮಂಡಿ ಹಿಡಿದು ತಿಂಗಳುಗಟ್ಟಲೆ ತೆವಳಿದವರು ಈಗಲೂ ಆ ಮಾತಾಡುತ್ತಾರೆ. ಆ ಸೊಳ್ಳೆ ಎಲ್ಲೂ ಹೋಗಿಲ್ಲ.

‘ಲಸಿಕೆ ಹಾಕುಸ್ಕೊಂಡ್ ಮ್ಯಾಲೇ ಮಂಡಿ ನೋವು ಬಂದದ್ದು’ ಅನ್ನುವವರೂ ಪ್ರತಿ ಬೀದಿಯಲ್ಲಿದ್ದಾರೆ. ಲಸಿಕೆಯ ಮೈಕೈ ನೋವು ಒಂದೆರಡು ದಿನದ್ದು. ಆಸ್ಟ್ರಾಜೆನೆಕಾ ಲಸಿಕೆಗೆ, ಅಂದರೆ ನಮ್ಮ ಕೋವಿಶೀಲ್ಡ್‌ಗೆ, ಗಿಯಾನ್ ಬಾರೆ ಅನ್ನೋ ನರರೋಗವನ್ನು ಅತಿ ಅಪರೂಪದ ಅಡ್ಡಪರಿಣಾಮ ಅಂತ ಯುರೋಪಿನ ಔಷಧ ಸಂಸ್ಥೆ 2021ರಲ್ಲಿ ಸೇರಿಸಿದ್ದೂ ನಿಜ, ಮುಚ್ಚಿಡುವುದೇನಿಲ್ಲ. ಮೂರು ವರ್ಷದಿಂದ ಸವೆಯುತ್ತಿರುವ ಮಂಡಿಗೆ ಅದು ಕಾರಣವಲ್ಲ.

ಕಾಯಬಾರದ ಹೊತ್ತು

ಅದೇ ಗಿಯಾನ್ ಬಾರೆ ಕೊರೊನಾದ ನಂತರವೂ ಅಪರೂಪಕ್ಕೆ ಬರುತ್ತೆ. ವೈರಾಣುವಿನ ಮೇಲೆ ಎದ್ದ ಸೈನ್ಯ ನಮ್ಮದೇ ನರಗಳ ಮೇಲೆ ಬೀಳುವ ಸ್ಥಿತಿ. ಜೋಮು ಪಾದದಲ್ಲಿ ಶುರುವಾಗಿ ಮೇಲಕ್ಕೆ ಏರುತ್ತೆ. ಇವತ್ತು ಚಪ್ಪಲಿ ಜಾರುತ್ತೆ, ನಾಳೆ ಮೆಟ್ಟಿಲು ಹತ್ತಲಾಗಲ್ಲ, ಆಮೇಲೆ ಉಸಿರಾಟದ ಸ್ನಾಯು. ‘ನಾಡಿದ್ದು ಸೋಮವಾರ ತೋರಿಸೋಣ’ ಅನ್ನುವಂಥದ್ದಲ್ಲ ಇದು. ಹಾಗೇ ಮುಖ ಒಂದು ಕಡೆ ಜೋತರೆ, ಒಂದು ಕೈ ಬಲ ಹೋದರೆ, ಮಾತು ತೊದಲಿದರೆ, ಅದು ಪಾರ್ಶ್ವವಾಯು. ಕೊರೊನಾ ರಕ್ತವನ್ನು ಹೆಪ್ಪುಗಟ್ಟಿಸುವ ಗುಣದ್ದು, ವಯಸ್ಸು ಚಿಕ್ಕದು ಅಂತ ಸುಮ್ಮನಿರುವ ಹಾಗಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಬೇಗೂರಿನಿಂದ ಮೈಸೂರು ಒಂದು ಗಂಟೆ ಚಿಲ್ಲರೆ ದಾರಿ. ಎಣ್ಣೆ ತಿಕ್ಕುತ್ತಾ ಕೂತರೆ ಅದೂ ಸಾಕಾಗಲ್ಲ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿದ್ದು ಇಂಥ ಕಾರಣಕ್ಕೇ: ತಲೆನೋವು, ಪಾರ್ಶ್ವವಾಯು, ಮೂರ್ಛೆ, ಮರೆವುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಗುರುತಿಸುವ ಹಾಗೆ ತರಬೇತಿ ಕೊಡೋದು. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನರದ ಕಾಯಿಲೆ ಇರುವವರಿಗೆ ಖಿನ್ನತೆಯೂ ಇರಬಹುದು. ಎರಡರಲ್ಲಿ ಒಂದನ್ನು ಸುಳ್ಳು ಮಾಡಬೇಕಾಗಿಲ್ಲ.

ಈಗಲೂ ಕೊರೊನಾ ಬರುತ್ತಿದೆ, ಟೆಸ್ಟ್ ಮಾಡಿಸುವವರು ಮಾತ್ರ ಇಲ್ಲ. ‘ವೈರಲ್ ಫೀವರ್’ ಅಂತ ಮೂರು ದಿನ ರಜೆ ಹಾಕಿ ಕೆಲಸಕ್ಕೆ ಹೋಗುತ್ತೇವೆ, ಎರಡು ತಿಂಗಳ ಮೇಲಿನ ಮಂಕಿಗೂ ಆ ಜ್ವರಕ್ಕೂ ಗಂಟು ಹಾಕೋಲ್ಲ. ಹಾಗಾಗಿ ಜ್ವರ ಬಂದ ತಾರೀಖನ್ನು ಫೋನಿನಲ್ಲಿ ಬರೆದಿಡಿ. ಊರಿನಲ್ಲಿರುವ ಅವ್ವ, ಅಪ್ಪ, ಚಿಕ್ಕವ್ವ ಇವರದ್ದನ್ನೂ ನೀವೇ ಬರೆದಿಡಿ, ಅವರು ಬರೆಯಲ್ಲ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಅವರಿಗೆ ಸಿಗೋದು ಎರಡು ನಿಮಿಷ. ‘ಮೈಕೈ ನೋವು’ ಅಂದು ಮುಗಿಸಿ, ಗುಳಿಗೆ ಇಸ್ಕೊಂಡು ಬರುತ್ತಾರೆ. ಅದರ ಬದಲು ಒಂದು ವಾರ ರಾತ್ರಿ ಫೋನ್ ಮಾಡಿದಾಗ ಕೇಳಿ, ವಾಟ್ಸಾಪಿನಲ್ಲೇ ಬರೆದುಕೊಂಡು ಕೊನೆಗೆ ಅವರಿಗೇ ಕಳಿಸಿ, ವೈದ್ಯರಿಗೆ ತೋರಿಸಲು ಹೇಳಿ. ನಾನು ಚಿಕ್ಕವ್ವನದ್ದು ಬರೆದಿದ್ದು ಹೀಗಿತ್ತು:

ಸೋಮವಾರ: ಎರಡು ಕೊಡ ನೀರು, ಬಟ್ಟೆ ಒಗೆದದ್ದು. ಚೆನ್ನಾಗಿದ್ದರು.
ಮಂಗಳವಾರ: ಅಂಗಡಿವರೆಗೆ ನಡೆದರು. ಸಾಯಂಕಾಲ ಕಾಲು ಸೆಳೆತ.
ಬುಧವಾರ: ಮಧ್ಯಾಹ್ನದವರೆಗೂ ಎದ್ದಿಲ್ಲ. ತಲೆ ಮಂಕು. ಎಡಪಾದ ಜೋಮು, ಹತ್ತು ನಿಮಿಷ, ತಾನೇ ಹೋಯ್ತು.
ಗುರುವಾರ: ಬರೀ ಮಲಗಿದ್ದು. ಊಟ ಅರ್ಧ.
ಶುಕ್ರವಾರ: ಎದ್ದು ಕಾಫಿ ಮಾಡಿದರು.